ಎರಡು ಕಪ್ಪುಹಲಗೆಗಳ ನಡುವೆ: ಹೊಕ್ಕೈಡೋದ ಹಳ್ಳಿಶಾಲೆಯೊಂದರಲ್ಲಿ ಕಂಡ ಬಹುವರ್ಗ ಬೋಧನೆ

ಸೀಮೆಸುಣ್ಣ (ಮೂಲ ಬರಹ)

ವಿದೇಶದ ಶಾಲೆಯನ್ನು ನೋಡಿ ಬಂದ ಶಿಕ್ಷಕರ ಬರಹಗಳಲ್ಲಿ ಕಟ್ಟಡ, ಶಿಸ್ತು, ಸ್ವಚ್ಛತೆ ಈ ಮೂರರ ವರ್ಣನೆಯೇ ಮುಕ್ಕಾಲು ಪಾಲು ಇರುತ್ತದೆ. ನಾನೂ ಮೊದಲ ವಾರ ದಿನಚರಿಯಲ್ಲಿ ಅದನ್ನೇ ಬರೆದುಕೊಂಡಿದ್ದೆ. ಎರಡನೆಯ ವಾರದ ಗಣಿತದ ಅವಧಿಯೊಂದರಲ್ಲಿ ನಾನು ಮಾಡಿದ ತಪ್ಪು ಆ ಟಿಪ್ಪಣಿಗಳನ್ನೆಲ್ಲ ಪಕ್ಕಕ್ಕೆ ಸರಿಸಿಬಿಟ್ಟಿತು. ಒಂದೇ ಕೋಣೆಯಲ್ಲಿ ಎರಡು ಮೂರು ತರಗತಿಗಳನ್ನು ನಡೆಸುವವರು ಈ ಬಳಗದಲ್ಲಿ ಅನೇಕರಿರುವುದರಿಂದ ಅದನ್ನೇ ವಿವರವಾಗಿ ಬರೆಯುತ್ತಿದ್ದೇನೆ.

ಜಪಾನ್ ಸರ್ಕಾರವು ಸೇವೆಯಲ್ಲಿರುವ ವಿದೇಶಿ ಶಿಕ್ಷಕರಿಗೆ ಕೊಡುವ ಒಂದೂವರೆ ವರ್ಷದ ತರಬೇತಿ ವಿದ್ಯಾರ್ಥಿವೇತನದಲ್ಲಿ ನಾನು ಹೋಗಿದ್ದೆ. ಮೊದಲ ಆರು ತಿಂಗಳು ಭಾಷೆ ಕಲಿಯುವುದರಲ್ಲೇ ಕಳೆದವು. ಸಣ್ಣ ಶಾಲೆಗಳ ಬಗ್ಗೆ ನನಗಿದ್ದ ಆಸಕ್ತಿಯನ್ನು ಕಂಡ ಮಾರ್ಗದರ್ಶಕರು ನವೆಂಬರ್ ತಿಂಗಳಲ್ಲಿ ಎರಡು ವಾರದ ಮಟ್ಟಿಗೆ ದೇಶದ ಉತ್ತರದ ದ್ವೀಪವಾದ ಹೊಕ್ಕೈಡೋದ ಪೂರ್ವ ಭಾಗದ ಹಳ್ಳಿಯೊಂದಕ್ಕೆ ಕಳುಹಿಸಿದರು. ಕುಶಿರೋ ನಗರದಿಂದ ಒಳನಾಡಿಗೆ ಕಾರಿನಲ್ಲಿ ಒಂದೂವರೆ ಗಂಟೆ ಹೋಗಬೇಕು. ಇಡೀ ಸೀಮೆ ಹೈನುಗಾರಿಕೆಯದು; ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಹುಲ್ಲುಗಾವಲು ಬಿಟ್ಟರೆ ಬೇರೇನೂ ಇಲ್ಲ, ಬೆಳಗ್ಗೆ ರಸ್ತೆಯಲ್ಲಿ ಎದುರಾಗುವ ವಾಹನಗಳಲ್ಲಿ ಹಾಲಿನ ಟ್ಯಾಂಕರುಗಳೇ ಹೆಚ್ಚು. ಶಾಲೆಯ ಹೆಸರನ್ನು ಬರೆಯುವುದಿಲ್ಲ. ಹದಿನಾರು ಮಕ್ಕಳಿರುವ ಶಾಲೆಯಲ್ಲಿ ಹೆಸರು ಹೇಳಿದರೆ ಎಲ್ಲ ಮಕ್ಕಳ ಗುರುತನ್ನೂ ಹೇಳಿದಂತೆಯೇ.

ಬಾಗಿಲು ದಾಟಿದ ಕೂಡಲೇ ಮಕ್ಕಳು ಹೊರಗಿನ ಬೂಟುಗಳನ್ನು ಕಳಚಿಟ್ಟು ಒಳಗೆ ಹಾಕಿಕೊಳ್ಳುವ ಉವಾಬಾಕಿ ಎಂಬ ಮೆತ್ತನೆಯ ಪಾದರಕ್ಷೆಗಳನ್ನು ಧರಿಸುವ ಜಾಗವಿದೆ. ಅಲ್ಲಿನ ಮರದ ಗೂಡುಗಳನ್ನು ಎಣಿಸಿದೆ: ನೂರ ಇಪ್ಪತ್ತು. ಬಳಕೆಯಲ್ಲಿದ್ದವು ಹದಿನಾರು. ಉಳಿದವು ಖಾಲಿಯಾಗಿದ್ದರೂ ಪ್ರತಿದಿನದ ಸ್ವಚ್ಛತೆಯ ವೇಳೆಯಲ್ಲಿ ಒಬ್ಬ ಹುಡುಗಿ ಅಷ್ಟೂ ಗೂಡುಗಳನ್ನು ಒರೆಸುತ್ತಿದ್ದಳು. ಊರಿನ ಕಳೆದ ಐವತ್ತು ವರ್ಷಗಳ ಚರಿತ್ರೆಯನ್ನು ತಿಳಿಯಲು ನನಗೆ ಬೇರೆ ದಾಖಲೆ ಬೇಕಾಗಲಿಲ್ಲ.

ಶಾಲೆಯಲ್ಲಿ ಆರು ತರಗತಿಗಳು ಸೇರಿ ಮೂರು ಕೋಣೆಗಳು. ಅಕ್ಕಪಕ್ಕದ ಎರಡು ತರಗತಿಗಳು ಕೂಡಿದ ಇಂಥ ವರ್ಗವನ್ನು ಅಲ್ಲಿ ಫುಕುಶಿಕಿ ಗಕ್ಯೂ ಎನ್ನುತ್ತಾರೆ. ನಾನು ಹೆಚ್ಚು ಹೊತ್ತು ಕುಳಿತದ್ದು ಮೂರು ಮತ್ತು ನಾಲ್ಕನೆಯ ತರಗತಿಗಳ ಕೋಣೆಯಲ್ಲಿ. ಮೂರರಲ್ಲಿ ಮೂವರು, ನಾಲ್ಕರಲ್ಲಿ ನಾಲ್ವರು. ಕೋಣೆಗೆ ಮುಂದೊಂದು, ಹಿಂದೊಂದು ಕಪ್ಪುಹಲಗೆ. ಮಕ್ಕಳು ಪರಸ್ಪರ ಬೆನ್ನು ಮಾಡಿ ತಮ್ಮ ತಮ್ಮ ಹಲಗೆಯ ಕಡೆ ಮುಖ ಹಾಕಿ ಕೂರುತ್ತಾರೆ. ಶಿಕ್ಷಕಿ ಇವೆರಡರ ನಡುವೆ ಓಡಾಡುತ್ತಾರೆ. ಈ ಓಡಾಟಕ್ಕೆ ವತಾರಿ ಎಂಬ ಹೆಸರೇ ಇದೆ. ದಾಟುವುದು ಎಂದು ಅರ್ಥ.

ಓಡಾಟ ನಮಗೇನೂ ಹೊಸದಲ್ಲ. ನನಗೆ ಹೊಸದಾಗಿ ಕಂಡದ್ದು ಜುರಾಶಿ, ಅಂದರೆ ಸರಿಸುವಿಕೆ. ಅವಧಿ ನಲವತ್ತೈದು ನಿಮಿಷದ್ದು. ಪಾಠಕ್ಕೆ ನಾಲ್ಕು ಹಂತಗಳಿವೆ: ಸಮಸ್ಯೆಯನ್ನು ಗ್ರಹಿಸುವುದು, ತಾನೇ ಬಿಡಿಸಲು ಯತ್ನಿಸುವುದು, ಬಂದ ವಿಧಾನಗಳನ್ನೆಲ್ಲ ಹಲಗೆಯ ಮೇಲಿಟ್ಟು ಚರ್ಚಿಸುವುದು, ಕೊನೆಗೆ ಮಾತಿಗಿಳಿಸಿ ಅಭ್ಯಾಸ ಮಾಡುವುದು. ಮೊದಲನೆಯದಕ್ಕೂ ಮೂರನೆಯದಕ್ಕೂ ಶಿಕ್ಷಕಿ ಎದುರಿಗಿರಬೇಕು. ಎರಡನೆಯದಕ್ಕೂ ನಾಲ್ಕನೆಯದಕ್ಕೂ ಇರಬೇಕಾಗಿಲ್ಲ. ಆದ್ದರಿಂದ ಎರಡು ತರಗತಿಗಳ ಪಾಠಗಳನ್ನು ಒಂದೊಂದು ಹಂತದಷ್ಟು ಹಿಂದುಮುಂದು ಸರಿಸಿದರೆ ಒಂದು ತರಗತಿಗೆ ಆಕೆ ಬೇಕಾದ ಹೊತ್ತಿನಲ್ಲಿ ಇನ್ನೊಂದಕ್ಕೆ ಬೇಡವಾಗಿರುತ್ತಾರೆ. ಪಾಠ ಯೋಜನೆಯಲ್ಲಿ ಎರಡು ತರಗತಿಗಳಿಗೂ ಎದುರುಬದುರು ಅಂಕಣಗಳಿರುತ್ತವೆ. ಪ್ರತ್ಯಕ್ಷ ಬೋಧನೆ, ಪರೋಕ್ಷ ಬೋಧನೆ ಎಂದು ಎರಡೂ ಕಡೆ ನಿಮಿಷ ಹಾಕಿ ಬರೆದಿರುತ್ತಾರೆ. ತಾವು ಇಲ್ಲದಿರುವ ಹೊತ್ತಿಗೂ ಇರುವ ಹೊತ್ತಿನಷ್ಟೇ ಸಿದ್ಧತೆ ಮಾಡಿಕೊಂಡಿರುತ್ತಾರೆ ಎಂಬುದು ನನಗೆ ಅಂಕಣಗಳನ್ನು ನೋಡಿದಾಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಆ ದಿನ ಮೂರನೆಯ ತರಗತಿಗೆ ವೃತ್ತ, ನಾಲ್ಕನೆಯದಕ್ಕೆ ವಿಸ್ತೀರ್ಣ. ಶಿಕ್ಷಕಿ ಹಿಂದಿನ ಹಲಗೆಯ ಬಳಿ ಮೂವರಿಗೆ ಕೈವಾರ ಹಿಡಿಯುವುದನ್ನು ಕಲಿಸುತ್ತಿದ್ದರು. ಮುಂದಿನ ನಾಲ್ವರಲ್ಲಿ ಆ ದಿನದ ಮುಂದಾಳಾಗಿದ್ದ ಹುಡುಗಿ ಎದ್ದು ನಿಂತು ಸಮಸ್ಯೆಯನ್ನು ಓದಿ, ಎಂಟು ನಿಮಿಷಕ್ಕೆ ಗಡಿಯಾರ ಹೊಂದಿಸಿ ಕುಳಿತಳು. ಆರು ಬಾಹುಗಳ, ಮೂಲೆಯೊಂದನ್ನು ಕತ್ತರಿಸಿ ತೆಗೆದಂತಿದ್ದ ಆಕೃತಿಯ ವಿಸ್ತೀರ್ಣವನ್ನು ಕಂಡುಹಿಡಿಯಬೇಕಿತ್ತು. ಮೂವರು ಬೇಗನೆ ಗೆರೆ ಎಳೆದರು. ಕಿಟಕಿಯ ಪಕ್ಕದ ಹುಡುಗ ಮಾತ್ರ ಪೆನ್ಸಿಲನ್ನು ಹಾಳೆಯ ಮೇಲಿಟ್ಟು ಸುಮ್ಮನೆ ನೋಡುತ್ತ ಕುಳಿತಿದ್ದ. ಒಂದು ನಿಮಿಷ ಕಾದೆ, ಎರಡು ನಿಮಿಷ ಕಾದೆ, ಕೊನೆಗೆ ಅವನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು, ಆಕೃತಿಯ ಮೇಲೆ ಬೆರಳಿನಿಂದ ಅಡ್ಡ ಗೆರೆಯೊಂದನ್ನು ಎಳೆದು ತೋರಿಸಿದೆ. ಅವನು ತಲೆಯಾಡಿಸಿದ, ಏನನ್ನೋ ಅಳಿಸಿದ, ನಾನು ತೋರಿಸಿದಂತೆ ಎರಡು ಆಯತಗಳಾಗಿ ಒಡೆದು ಉತ್ತರ ಬರೆದ. ಮೂವತ್ತಾರು ಚದರ ಸೆಂಟಿಮೀಟರ್. ಸರಿಯಾಗಿತ್ತು. ನನಗೆ ಸಂತೋಷವಾಯಿತು.

ಮಕ್ಕಳು ಮನೆಗೆ ಹೋದ ಮೇಲೆ ಶಿಕ್ಷಕಿ ಚಹಾ ಕೊಟ್ಟು, ಅವನ ನೋಟ್‌ಬುಕ್ಕನ್ನು ನನ್ನ ಮುಂದಿಟ್ಟು, ಹಾಳೆಯನ್ನು ಬೆಳಕಿಗೆ ಓರೆ ಮಾಡಿ ಹಿಡಿದರು. ಅಳಿಸಿದ ಜಾಗದಲ್ಲಿ ಪೆನ್ಸಿಲಿನ ಒತ್ತು ಉಳಿದಿತ್ತು. ಅವನು ಆಕೃತಿಯ ಒಳಗೆ ಗೆರೆ ಎಳೆದಿರಲಿಲ್ಲ. ಹೊರಗೆ, ಇಲ್ಲದ ಮೂಲೆಯನ್ನು ಪೂರ್ತಿ ಮಾಡಲು ಹೊರಟಿದ್ದ. ಎಂಟಾರಲಿ ನಲವತ್ತೆಂಟು, ಅದರಲ್ಲಿ ಕತ್ತರಿಸಿದ ಹನ್ನೆರಡನ್ನು ಕಳೆದರೆ ಮೂವತ್ತಾರು. ಉಳಿದ ಮೂವರೂ ಕೂಡಿಸಿದ್ದರು, ಇವನೊಬ್ಬ ಕಳೆಯುವವನಿದ್ದ. ಚರ್ಚೆಯ ಹಂತದಲ್ಲಿ ಹಲಗೆಯ ಮೇಲೆ ಬರಬೇಕಿದ್ದ ನಾಲ್ಕನೆಯ ವಿಧಾನ ಅದೇ, ಮತ್ತು ಆ ದಿನದ ಪಾಠ ತಲುಪಬೇಕಿದ್ದ ಜಾಗವೂ ಅದೇ. ಕೈವಾರ ಕಲಿಸುತ್ತಿದ್ದಾಗಲೇ ಆಕೆ ಒಮ್ಮೆ ತಿರುಗಿ ಅದನ್ನು ಗಮನಿಸಿದ್ದರಂತೆ. "ಆ ಎಂಟು ನಿಮಿಷ ಅವನದಾಗಿತ್ತು" ಎಂದರು. ಅದಕ್ಕಿಂತ ಹೆಚ್ಚು ಏನನ್ನೂ ಹೇಳಲಿಲ್ಲ. ನಾನು ಚಹಾ ಕುಡಿದದ್ದು ಹೇಗೋ ತಿಳಿಯದು.

ಹದಿನಾಲ್ಕು ವರ್ಷಗಳಿಂದ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಶಿಕ್ಷಕರು ಇನ್ನೊಂದು ತರಗತಿಯ ಕಡೆ ಇರುವ ಹೊತ್ತನ್ನು ನಾನು ಯಾವಾಗಲೂ ನಷ್ಟದ ಲೆಕ್ಕದಲ್ಲೇ ಬರೆದಿದ್ದೆ. ಲೆಕ್ಕ ಕೊಟ್ಟು ಕೂರಿಸುವ, ಗಲಾಟೆಯಾಗದಂತೆ ನೋಡಿಕೊಳ್ಳುವ ಹೊತ್ತು ಎಂದು. ಅದೇ ಹೊತ್ತನ್ನು ಪಾಠದ ಹೊಟ್ಟೆಯೊಳಗಿಟ್ಟು ಯೋಜಿಸಬಹುದು ಎಂಬುದನ್ನು ಕಾಣಲು ಅಷ್ಟು ದೂರ ಹೋಗಬೇಕಾಯಿತು. ನಿಮ್ಮ ಅನುಭವಗಳನ್ನು ತಿಳಿಯುವ ಆಸೆಯಿದೆ.

ನಿವೃತ್ತ ಮೇಷ್ಟ್ರು

ಮೇಡಂ, ಬರಹ ಚೆನ್ನಾಗಿದೆ. ನೋಟ್‌ಬುಕ್ಕನ್ನು ಬೆಳಕಿಗೆ ಹಿಡಿದ ಸಂಗತಿಯನ್ನು ಎರಡು ಸಲ ಓದಿದೆ. ಆದರೂ ಒಂದು ಮಾತನ್ನು ಹೇಳದೆ ಇರಲಾರೆ. ಕೋಣೆಯಲ್ಲಿದ್ದವರು ಏಳು ಮಕ್ಕಳು. ಏಳು ಮಕ್ಕಳಿಗೆ ಎರಡು ಹಲಗೆ, ಒಬ್ಬ ಪೂರ್ಣಾವಧಿ ಶಿಕ್ಷಕಿ, ಬೆಚ್ಚಗಿನ ಕೋಣೆ, ಸಂಜೆ ಕುಳಿತು ನೋಟ್‌ಬುಕ್ ನೋಡುವಷ್ಟು ಬಿಡುವು. ಇಷ್ಟಿದ್ದರೆ ಯಾವ ವಿಧಾನವಾದರೂ ಫಲ ಕೊಡುತ್ತದೆ. ಬೋಧನಾ ವಿಧಾನದ ಹಿರಿಮೆ ಎಂದು ನಾವು ಹೊಗಳುವುದು ಹಲವು ಸಲ ಹಣದ ಹಿರಿಮೆಯಾಗಿರುತ್ತದೆ. ಇದನ್ನು ನಿಮ್ಮನ್ನು ನೋಯಿಸಲು ಬರೆಯುತ್ತಿಲ್ಲ. ಮೂವತ್ತೊಂದು ವರ್ಷ ಇಂಥ ಹೊಗಳಿಕೆಗಳನ್ನು ತರಬೇತಿಗಳಲ್ಲಿ ಕೇಳಿ ಕೇಳಿ ಬಂದ ಅಭ್ಯಾಸ ಎಂದುಕೊಳ್ಳಿ.

ಇನ್ನೊಂದು ಪ್ರಶ್ನೆ. ಎಂಟು ನಿಮಿಷ ಕಾದ ಮೇಲೂ ಮಗುವಿಗೆ ಏನೂ ಹೊಳೆಯದಿದ್ದರೆ? ಆ ಹುಡುಗನಿಗೆ ಹೊಳೆದಿತ್ತು, ಸರಿ. ಹೊಳೆಯದ ಮಗು ಪ್ರತಿದಿನ ಎಂಟು ನಿಮಿಷ ಖಾಲಿ ಹಾಳೆಯ ಮುಂದೆ ಕುಳಿತರೆ ಅದು ಕಲಿಯುವುದು ಅವಮಾನವನ್ನು ಮಾತ್ರ.

ನಗೋಯಾದ ಅಮ್ಮ

ಹದಿಮೂರು ವರ್ಷಗಳಿಂದ ನಗೋಯಾದಲ್ಲಿದ್ದೇನೆ. ನನ್ನ ಇಬ್ಬರು ಮಕ್ಕಳೂ ಇಲ್ಲಿನ ಸಾರ್ವಜನಿಕ ಶಾಲೆಯಲ್ಲಿ ಓದುತ್ತಿದ್ದಾರೆ. ಮೇಷ್ಟ್ರು ಎತ್ತಿದ ಹಣದ ಮಾತಿಗೆ ಸ್ವಲ್ಪ ಹಿನ್ನೆಲೆ ಸೇರಿಸುತ್ತೇನೆ, ಏಕೆಂದರೆ ದೂರದ ಹಳ್ಳಿಯ ಶಾಲೆಗೆ ಹಣ ತಾನಾಗಿ ಹರಿದು ಬಂದದ್ದಲ್ಲ.

ಹೆಕಿಚಿ, ಅಂದರೆ ಸಂಪರ್ಕ ಕಡಿಮೆಯಿರುವ ಪ್ರದೇಶಗಳ ಶಿಕ್ಷಣಕ್ಕಾಗಿ ಇಲ್ಲಿ 1954ರಲ್ಲೇ ಪ್ರತ್ಯೇಕ ಕಾನೂನು ಬಂದಿದೆ. ಯುದ್ಧದಲ್ಲಿ ಸೋತು ಒಂಬತ್ತು ವರ್ಷಗಳಾಗಿದ್ದ, ಇನ್ನೂ ಶ್ರೀಮಂತವಾಗಿರದ ದೇಶ ಮಾಡಿದ ಕಾನೂನು ಅದು. ಶಾಲೆಯು ರೈಲು ನಿಲ್ದಾಣ, ಬಸ್ ನಿಲ್ದಾಣ, ಆಸ್ಪತ್ರೆ, ಅಂಚೆ ಕಚೇರಿ ಮುಂತಾದವುಗಳಿಂದ ಎಷ್ಟು ದೂರವಿದೆ ಎಂಬುದಕ್ಕೆ ಅಂಕಗಳನ್ನು ಹಾಕಿ ಒಂದರಿಂದ ಐದರವರೆಗೆ ದರ್ಜೆ ಕೊಡುತ್ತಾರೆ. ದರ್ಜೆ ಏರಿದಷ್ಟೂ ಶಿಕ್ಷಕರ ವಿಶೇಷ ಭತ್ಯೆ ಏರುತ್ತದೆ, ಗರಿಷ್ಠ ಶೇಕಡಾ 25ರವರೆಗೆ. ಶಿಕ್ಷಕರಿಗೆ ವಸತಿ ಒದಗಿಸುವುದು ಸ್ಥಳೀಯ ಆಡಳಿತದ ಕರ್ತವ್ಯ ಎಂದೂ ಅದರಲ್ಲಿ ಬರೆದಿದ್ದಾರೆ. ಶಿಕ್ಷಕರ ನೇಮಕ ಪ್ರಾಂತ್ಯ ಸರ್ಕಾರದ್ದು, ಕೆಲವು ವರ್ಷಗಳಿಗೊಮ್ಮೆ ವರ್ಗಾವಣೆ ಖಚಿತ. ಹಾಗಾಗಿ ಒಳ್ಳೆಯ ಶಿಕ್ಷಕರು ಪಟ್ಟಣದಲ್ಲೇ ಬೇರು ಬಿಡುವುದಿಲ್ಲ.

ಎರಡು ತರಗತಿಗಳನ್ನು ಕೂಡಿಸುವುದಕ್ಕೂ ಮಿತಿಯಿದೆ. ಪ್ರಾಥಮಿಕ ಶಾಲೆಯಲ್ಲಿ ಅಕ್ಕಪಕ್ಕದ ಎರಡು ತರಗತಿಗಳ ಮಕ್ಕಳು ಸೇರಿ 16 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮಾತ್ರ ಕೂಡಿಸುವುದು ಮಾನದಂಡ. ಅದರಲ್ಲಿ ಒಂದನೆಯ ತರಗತಿ ಇದ್ದರೆ ಆ ಸಂಖ್ಯೆ 8ಕ್ಕೆ ಇಳಿಯುತ್ತದೆ. ಶಾಲೆಗೆ ಹೊಸದಾಗಿ ಬಂದ ಮಗುವಿಗೆ ಶಿಕ್ಷಕರ ಮುಖ ಹೆಚ್ಚು ಹೊತ್ತು ಕಾಣಬೇಕು ಎಂಬುದು ಅದರ ಹಿಂದಿನ ಯೋಚನೆ. ಹೀಗಾಗಿ ನಲವತ್ತು ಮಕ್ಕಳ ಬಹುವರ್ಗ ಕೋಣೆ ಇಲ್ಲಿ ಇರಲು ಸಾಧ್ಯವೇ ಇಲ್ಲ. ಅಷ್ಟರಮಟ್ಟಿಗೆ ಮೇಷ್ಟ್ರ ಮಾತನ್ನು ಒಪ್ಪಬೇಕು.

ಒಂದನ್ನು ಮಾತ್ರ ಒಪ್ಪಲಾರೆ. "ಸಂಜೆಯ ಬಿಡುವು" ಎಂಬುದು ಇಲ್ಲಿನ ಶಿಕ್ಷಕರಿಗಿಲ್ಲ. 2018ರ ಅಂತರರಾಷ್ಟ್ರೀಯ ಸಮೀಕ್ಷೆಯಲ್ಲಿ ಜಪಾನಿನ ಕಿರಿಯ ಪ್ರೌಢಶಾಲೆಯ ಶಿಕ್ಷಕರು ವಾರಕ್ಕೆ 56 ಗಂಟೆ ದುಡಿಯುತ್ತಾರೆಂದು ಬಂದಿತ್ತು. ಭಾಗವಹಿಸಿದ ದೇಶಗಳಲ್ಲೇ ಅದು ಅತಿ ಹೆಚ್ಚು, ಸರಾಸರಿ 38ರ ಆಸುಪಾಸಿನಲ್ಲಿತ್ತು. ಹೆಚ್ಚುವರಿ ದುಡಿಮೆಗೆ ಪ್ರತ್ಯೇಕ ಕೂಲಿಯ ಬದಲು ಸಂಬಳದ ಶೇಕಡಾ 4ನ್ನು ಸೇರಿಸಿ ಕೊಡುವ 1971ರ ಕಾನೂನು ಐವತ್ತು ವರ್ಷ ಹಾಗೆಯೇ ನಡೆಯಿತು. ಆ ಶಿಕ್ಷಕಿ ನೋಟ್‌ಬುಕ್ ನೋಡಿದ್ದು ಬಿಡುವಿದ್ದುದರಿಂದಲ್ಲ, ಮನೆಗೆ ಹೋಗದೆ ಉಳಿದದ್ದರಿಂದ.

ಸೀಮೆಸುಣ್ಣ

ಮೇಷ್ಟ್ರೇ, ನೋವೇನೂ ಆಗಿಲ್ಲ. ನಗೋಯಾದ ಅಮ್ಮ ಅವರಿಗೆ ಧನ್ಯವಾದಗಳು. ಭತ್ಯೆಯ ವಿಷಯ ನನಗೆ ಗೊತ್ತಿತ್ತು, ಒಂದನೆಯ ತರಗತಿಗೆ ಮಿತಿ ಬೇರೆ ಎಂಬುದು ತಿಳಿದಿರಲಿಲ್ಲ.

ಏಳು ಮಕ್ಕಳು ಎಂಬ ಮಾತಿನ ಬಗ್ಗೆ ನಾನೂ ಬಹಳ ಯೋಚಿಸಿದ್ದೇನೆ. ಅಲ್ಲಿನ ಶಿಕ್ಷಕರ ಕೋಣೆಯಲ್ಲಿ ಇದೇ ಪ್ರಶ್ನೆ ಕೇಳಿದಾಗ ಬಂದ ಉತ್ತರ ನನ್ನನ್ನು ಬೆರಗುಗೊಳಿಸಿತು: ಮಕ್ಕಳು ಕಡಿಮೆಯಿರುವುದೇ ಅಲ್ಲಿ ದೊಡ್ಡ ತೊಡಕಂತೆ. ನಲವತ್ತು ಮಕ್ಕಳ ಕೋಣೆಯಲ್ಲಿ ಶಿಕ್ಷಕರ ಕೈ ಎಲ್ಲರನ್ನೂ ಮುಟ್ಟಲಾರದು, ಆದ್ದರಿಂದ ಮಕ್ಕಳು ತಾವಾಗಿ ಪಕ್ಕದವರ ಹಾಳೆಯನ್ನಾದರೂ ನೋಡಿ ಏನೋ ಮಾಡುತ್ತಾರೆ. ಮೂವರೇ ಇರುವ ಕಡೆ ಮಗು ತಡವರಿಸಿದ ಕೂಡಲೇ ದೊಡ್ಡವರ ಕೈ ಬಂದುಬಿಡುತ್ತದೆ. ಶಿಕ್ಷಕರ ಕೈ ಮಾತ್ರವಲ್ಲ, ಅಡುಗೆಯವರದು, ಮುಖ್ಯ ಶಿಕ್ಷಕರದು, ನೋಡಲು ಬಂದ ನನ್ನಂಥವರದು. ಮಕ್ಕಳು ಕಾಯುವುದನ್ನು ಕಲಿತುಬಿಡುತ್ತಾರೆ. ಎಂಟು ನಿಮಿಷದ ಗಡಿಯಾರ ಮಗುವಿಗಿಂತ ಹೆಚ್ಚಾಗಿ ದೊಡ್ಡವರನ್ನು ದೂರವಿಡಲು ಇದೆ ಎಂದು ನನಗೆ ಈಗ ಅನ್ನಿಸುತ್ತದೆ. ಚರ್ಚೆಯೂ ಅಷ್ಟೇ ಕಷ್ಟ. ವಿಧಾನಗಳನ್ನು ಹಲಗೆಯ ಮೇಲಿಟ್ಟು ಪರಸ್ಪರ ತಾಗಿಸಿ ನೋಡುವ ಆ ಹಂತಕ್ಕೆ ಅಲ್ಲಿ ನೆರಿಯಾಗೆ ಎನ್ನುತ್ತಾರೆ, ಹಿಟ್ಟು ನಾದುವುದಕ್ಕೆ ಬಳಸುವ ಮಾತದು. ನಾಲ್ವರಿರುವಲ್ಲಿ ಒಬ್ಬರ ವಿಧಾನ ಕಳೆದುಹೋದರೆ ನಾದಲು ಹಿಟ್ಟೇ ಸಾಲದು. ನಾನು ಕಳೆದದ್ದು ಅದನ್ನೇ.

ಹೊಳೆಯದ ಮಗುವಿನ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಅಲ್ಲಿ ನಾನು ಕಂಡ ಏರ್ಪಾಡು ಹಾಲಿನ ಡಬ್ಬಿಯ ರಟ್ಟಿನಿಂದ ಮಾಡಿದ ಸಣ್ಣ ಪೆಟ್ಟಿಗೆ. ಅದರಲ್ಲಿ ಸುಳಿವಿನ ಚೀಟಿಗಳು ಮೂರು ಬಣ್ಣಗಳಲ್ಲಿರುತ್ತವೆ. ನಾಲ್ಕು ನಿಮಿಷ ಕಳೆದ ಮೇಲೆ ಬೇಕಾದವರು ಎದ್ದು ಹೋಗಿ ತೆಗೆದುಕೊಳ್ಳಬಹುದು. ಹಳದಿ ಚೀಟಿಯಲ್ಲಿ ಒಂದು ಪ್ರಶ್ನೆ ಮಾತ್ರ: "ನಿನಗೆ ಈಗಾಗಲೇ ವಿಸ್ತೀರ್ಣ ಗೊತ್ತಿರುವ ಆಕೃತಿ ಯಾವುದು?" ತೆಗೆದುಕೊಂಡವರು ಯಾರು, ಯಾವ ಬಣ್ಣ ಎಂಬುದು ಶಿಕ್ಷಕಿಗೆ ಪೆಟ್ಟಿಗೆ ನೋಡಿದರೆ ತಿಳಿಯುತ್ತದೆ. ಆ ಹುಡುಗ ಪೆಟ್ಟಿಗೆಯ ಕಡೆ ತಿರುಗಿಯೂ ನೋಡಿರಲಿಲ್ಲ ಎಂಬುದನ್ನು ಗಮನಿಸಿದ್ದರೆ ನಾನು ಎದ್ದು ಹೋಗುತ್ತಿರಲಿಲ್ಲ.

ಏಣಿ ಮೆಟ್ಟಿಲು

ಮೇಡಂ, ನಾನು ಹನ್ನೊಂದು ವರ್ಷಗಳಿಂದ ನಲಿಕಲಿ ತರಗತಿ ನಡೆಸುತ್ತಿದ್ದೇನೆ. ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ತಮ್ಮ ತಮ್ಮ ವೇಗದಲ್ಲಿ ಕಲಿಕಾ ಏಣಿಯನ್ನು, ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಪಾಠಗಳನ್ನು, ಏರುವುದರಿಂದ ಅಲ್ಲಿ ಹಲಗೆಯ ಮುಂದೆ ಇಡೀ ತರಗತಿ ಒಟ್ಟಾಗಿ ಚರ್ಚಿಸುವ ಹೊತ್ತು ಕಡಿಮೆ. ನೀವು ಬರೆದದ್ದನ್ನು ಓದಿದಾಗ ಎರಡೂ ವಿಧಾನಗಳ ಹೊಕ್ಕಳು ಬೇರೆ ಬೇರೆ ಎನ್ನಿಸಿತು. ನಮ್ಮದು ಮಗುವನ್ನು ತರಗತಿಯ ಹಂಗಿನಿಂದ ಬಿಡಿಸುತ್ತದೆ. ಅವರದು ಇಬ್ಬರೇ ಇದ್ದರೂ ತರಗತಿಯನ್ನು ತರಗತಿಯಾಗಿಯೇ ಉಳಿಸಿಕೊಳ್ಳುತ್ತದೆ. ಯಾವುದು ಮೇಲು ಎಂದು ಹೇಳುವುದಿಲ್ಲ. ಎರಡು ವಿಷಯಗಳನ್ನು ತಿಳಿಸಿ: ವಿಜ್ಞಾನ, ಸಮಾಜದಂಥ ವಿಷಯಗಳಿಗೂ ಹೀಗೆ ಎರಡು ಹಲಗೆಗಳೇ? ಮುಂದಾಳಾದ ಮಗು ಉಳಿದವರ ಮೇಲೆ ದರ್ಪ ಮಾಡುವುದಿಲ್ಲವೇ? ನನ್ನ ತರಗತಿಯಲ್ಲಿ ಗುಂಪಿನ ನಾಯಕಿ ಮಾಡಿದವಳು ಎರಡು ದಿನದಲ್ಲಿ ನನಗಿಂತ ದೊಡ್ಡ ಮೇಡಂ ಆಗಿಬಿಡುತ್ತಾಳೆ.

ಸೀಮೆಸುಣ್ಣ

ದರ್ಪದ ಮಾತು ಓದಿ ನಗು ಬಂತು. ಅಲ್ಲಿ ಮುಂದಾಳು ಪ್ರತಿದಿನ ಬದಲಾಗುತ್ತಾಳೆ ಅಥವಾ ಬದಲಾಗುತ್ತಾನೆ. ನಾಲ್ವರಿರುವಲ್ಲಿ ನಾಲ್ಕು ದಿನಕ್ಕೊಮ್ಮೆ ಸರದಿ ಬರುತ್ತದೆ. ಉತ್ತರ ಹೇಳುವ ಅಧಿಕಾರ ಮುಂದಾಳಿಗಿಲ್ಲ. ಏನೇನು ಹೇಳಬಹುದು ಎಂಬುದನ್ನು ಒಂದು ಕಾರ್ಡಿನಲ್ಲಿ ಬರೆದು ಕೊಟ್ಟಿರುತ್ತಾರೆ: ಸಮಸ್ಯೆ ಓದೋಣ, ಹೊತ್ತು ಮುಗಿಯಿತು, ಬೇರೆ ವಿಧಾನ ಯಾರಲ್ಲಿದೆ, ಇವರ ಮಾತು ಅರ್ಥವಾಯಿತೇ. ಇಷ್ಟೇ. ಮೂರನೆಯ ತರಗತಿಯ ಪುಟ್ಟ ಹುಡುಗಿಯೊಬ್ಬಳು ಆ ಕಾರ್ಡನ್ನು ಎರಡೂ ಕೈಗಳಲ್ಲಿ ಎದೆಗೆ ಒತ್ತಿ ಹಿಡಿದು, "ಬೇರೆ ವಿಧಾನ ಯಾರಲ್ಲಿದೆ" ಎಂದು ಇರುವ ಇಬ್ಬರನ್ನೂ ಗಂಭೀರವಾಗಿ ಕೇಳುತ್ತಿದ್ದಳು.

ವಿಜ್ಞಾನ, ಸಮಾಜಗಳಿಗೆ ಬಹುಮಟ್ಟಿಗೆ ಎರಡು ವರ್ಷದ ಸುತ್ತು. ಎರಡು ತರಗತಿಗಳ ಪಾಠಗಳನ್ನು ಸೇರಿಸಿ ಒಂದು ವರ್ಷ ಎ ಭಾಗ, ಮರುವರ್ಷ ಬಿ ಭಾಗ ಎಂದು ಇಬ್ಬರಿಗೂ ಒಟ್ಟಿಗೆ ಕಲಿಸುತ್ತಾರೆ; ಎರಡು ವರ್ಷ ಮುಗಿಯುವಾಗ ಎಲ್ಲರಿಗೂ ಎಲ್ಲವೂ ಆಗಿರುತ್ತದೆ. ಗಣಿತದಲ್ಲಿ ಒಂದರ ಮೇಲೊಂದು ಕಟ್ಟುತ್ತ ಹೋಗಬೇಕಾದ್ದರಿಂದ ಹಾಗೆ ಮಾಡಲಾಗದು, ಅದಕ್ಕೇ ಎರಡು ಹಲಗೆ. ನಡುವೆ ಬೇರೆ ಶಾಲೆಗೆ ಹೋಗುವ ಮಗುವಿಗೆ ಈ ಸುತ್ತಿನಿಂದ ತೊಂದರೆಯಾಗುತ್ತದೆ ಎಂದು ಅವರೇ ಒಪ್ಪಿಕೊಂಡರು. ಆಟೋಟ ಮತ್ತು ಸಂಗೀತಕ್ಕೆ ನೆರೆಯ ಸಣ್ಣ ಶಾಲೆಗಳ ಮಕ್ಕಳನ್ನು ಆಗಾಗ ಒಂದೆಡೆ ಸೇರಿಸುತ್ತಾರೆ. ಮೂವರಿಂದ ವೃಂದಗಾನ ಆಗದು ನೋಡಿ.

ಹೊಸ ನೇಮಕಾತಿ

ಗಂಭೀರ ಚರ್ಚೆಯ ನಡುವೆ ಸಣ್ಣ ಪ್ರಶ್ನೆ, ಕ್ಷಮಿಸಿ. ಊಟವನ್ನು ಮಕ್ಕಳೇ ಬಡಿಸುತ್ತಾರೆ ಎಂದು ಕೇಳಿದ್ದೇನೆ, ಹೌದೇ?

ನಗೋಯಾದ ಅಮ್ಮ

ಹೌದು. ಬಿಳಿ ಟೋಪಿ, ಬಿಳಿ ನಿಲುವಂಗಿ ತೊಟ್ಟು ಸರದಿಯಂತೆ ಬಡಿಸುತ್ತಾರೆ. ವಾರದ ಕೊನೆಯಲ್ಲಿ ಆ ಅಂಗಿ ಮನೆಗೆ ಬರುತ್ತದೆ, ತೊಳೆದು ಇಸ್ತ್ರಿ ಮಾಡಿ ಸೋಮವಾರ ಮುಂದಿನವರಿಗೆ ಕೊಡಬೇಕು. ಶಿಕ್ಷಕರೂ ತರಗತಿಯಲ್ಲೇ ಅದನ್ನೇ ಉಣ್ಣುತ್ತಾರೆ. ಮಕ್ಕಳಿಗೆ ಬಡಿಸುವ ಮೊದಲು ಮುಖ್ಯ ಶಿಕ್ಷಕರು ಒಂದು ತಟ್ಟೆ ಉಂಡು, ರುಚಿ, ವಾಸನೆ ಸರಿಯಿದೆ ಎಂದು ದಾಖಲಿಸುವ ಕೆನ್ಶೋಕು ಎಂಬ ನಿಯಮವೂ ಇದೆ.

ಸೀಮೆಸುಣ್ಣ

ಹದಿನಾರು ಮಕ್ಕಳೂ, ಎಲ್ಲ ಶಿಕ್ಷಕರೂ ಒಂದೇ ಕೋಣೆಯಲ್ಲಿ ಉಣ್ಣುತ್ತಿದ್ದರು. ಹಾಲು ಮಾತ್ರ ಕುಡಿಯಲೇಬೇಕು, ಹೈನುಗಾರರ ಊರು!

ನಿವೃತ್ತ ಮೇಷ್ಟ್ರು

ರಟ್ಟಿನ ಪೆಟ್ಟಿಗೆಯ ಮಾತಿಗೆ ಹಣ ಬೇಕಿಲ್ಲ ಎಂಬುದನ್ನು ಒಪ್ಪುತ್ತೇನೆ. ನನ್ನ ಮಾತಿನಲ್ಲಿ ಅರ್ಧ ಹಿಂದಕ್ಕೆ ತೆಗೆದುಕೊಂಡೆ ಎಂದಿಟ್ಟುಕೊಳ್ಳಿ. ಉಳಿದರ್ಧ ಹಾಗೆಯೇ ಇದೆ: ಹದಿನಾರು ಮಕ್ಕಳ ಶಾಲೆಯನ್ನು ಆ ಸರ್ಕಾರ ಎಷ್ಟು ದಿನ ನಡೆಸುತ್ತದೆ? ನೂರ ಇಪ್ಪತ್ತು ಗೂಡುಗಳ ವಿಷಯವನ್ನು ನೀವು ಬರೆದು ಮುಂದೆ ಹೋಗಿಬಿಟ್ಟಿರಿ.

ಸೀಮೆಸುಣ್ಣ

ಬರೆಯುವಾಗ ಬೇಕೆಂದೇ ಅಲ್ಲಿ ನಿಲ್ಲಲಿಲ್ಲ, ಮೇಷ್ಟ್ರೇ. ಫೆಬ್ರವರಿಯಲ್ಲಿ, ನಾನು ಹೊರಡುವ ತಿಂಗಳ ಮೊದಲು, ಮೂರು ದಿನಕ್ಕೆ ಮತ್ತೊಮ್ಮೆ ಹೋಗಿದ್ದೆ. ಆಟದ ಮೈದಾನ ಪೂರ್ತಿ ಮಂಜುಗಡ್ಡೆಯಾಗಿತ್ತು. ತಾನಾಗಿ ಆದದ್ದಲ್ಲ. ಕುಶಿರೋ, ತೊಕಾಚಿ ಕಡೆಗಳಲ್ಲಿ ಹಿಮ ಕಡಿಮೆ, ಕೊರೆಯುವ ಚಳಿ ಹೆಚ್ಚು. ಪೋಷಕರು ಚಳಿಗಾಲದ ರಾತ್ರಿಗಳಲ್ಲಿ ಸರದಿಯಲ್ಲಿ ಬಂದು ಮೈದಾನಕ್ಕೆ ನೀರು ಹಾಯಿಸಿ, ಪದರದ ಮೇಲೆ ಪದರವಾಗಿ ಹೆಪ್ಪುಗಟ್ಟಿಸಿ, ಮಕ್ಕಳಿಗೆ ಸ್ಕೇಟಿಂಗ್ ಅಂಗಳ ಮಾಡಿಕೊಡುತ್ತಾರೆ. ಸಂಜೆಯ ಹಾಲು ಕರೆದು ಮುಗಿಸಿ ಬಂದು, ಬೆಳಗಿನ ಹಾಲು ಕರೆಯಲು ನಾಲ್ಕೂವರೆಗೆ ಏಳಬೇಕಾದವರು. ಶಾಲೆಗೆ ಹೋಗುವ ಮಕ್ಕಳಿಲ್ಲದ ಮುದುಕರೂ ಆ ಸರದಿಯಲ್ಲಿದ್ದರು. ಆ ವರ್ಷದ ಪಟ್ಟಿಯನ್ನು ಬರೆದ ಹಾಳೆಯನ್ನು ಶಿಕ್ಷಕರ ಕೋಣೆಯ ಗೋಡೆಗೆ ಅಂಟಿಸಿದ್ದರು. ಅದರ ಪಕ್ಕದಲ್ಲೇ ಇನ್ನೊಂದು ಹಾಳೆ, ಎರಡು ವರ್ಷಗಳ ನಂತರ ಪಟ್ಟಣದ ಶಾಲೆಯೊಂದಿಗೆ ವಿಲೀನವಾಗುವ ಬಗ್ಗೆ ಪೋಷಕರ ಸಭೆಗೆ ಕರೆ.

ಆ ಸಭೆಯಲ್ಲಿ ನಾನಿರಲಿಲ್ಲ. ಮರುದಿನ ಮುಖ್ಯ ಶಿಕ್ಷಕರು ಹೇಳಿದ್ದು ಇಷ್ಟು: ಮಕ್ಕಳ ಪೋಷಕರಲ್ಲಿ ಹೆಚ್ಚಿನವರು ವಿಲೀನವೇ ಬೇಕು ಎಂದರಂತೆ, ತಮ್ಮ ಮಗುವಿಗೆ ಓರಗೆಯ ಗೆಳೆಯರು ಬೇಕು ಎಂದು. ಬೇಡವೆಂದವರು ಮಕ್ಕಳಿಲ್ಲದ ಮುದುಕರು.

ನಗೋಯಾದ ಅಮ್ಮ

ಇದು ಇಡೀ ದೇಶದ ಕಥೆ. ಶಿಕ್ಷಣ ಸಚಿವಾಲಯದ ಲೆಕ್ಕದಂತೆ 2002ರಿಂದ 2020ರವರೆಗೆ ಮುಚ್ಚಿದ ಸಾರ್ವಜನಿಕ ಶಾಲೆಗಳು 8,580. ವರ್ಷಕ್ಕೆ ನಾನೂರೈವತ್ತರಷ್ಟಾಯಿತು. 2015ರಲ್ಲಿ ಸಚಿವಾಲಯವು ಶಾಲೆಗಳ ಗಾತ್ರ ಮತ್ತು ಸ್ಥಳದ ಬಗ್ಗೆ ಸುಮಾರು ಅರವತ್ತು ವರ್ಷಗಳ ನಂತರ ಹೊಸ ಕೈಪಿಡಿ ಹೊರಡಿಸಿತು. ಪ್ರಾಥಮಿಕ ಶಾಲೆಗೆ 4 ಕಿಲೋಮೀಟರ್, ಕಿರಿಯ ಪ್ರೌಢಶಾಲೆಗೆ 6 ಕಿಲೋಮೀಟರ್ ಎಂದಿದ್ದ ದೂರದ ಮಾನದಂಡದ ಜೊತೆಗೆ, ಬಸ್ಸಿನಲ್ಲಾದರೆ ಸುಮಾರು ಒಂದು ಗಂಟೆಯೊಳಗೆ ಎಂಬ ಹೊಸ ಅಳತೆಯನ್ನೂ ಸೇರಿಸಿದರು. ಅಲ್ಲಿಂದ ವಿಲೀನಕ್ಕೆ ದಾರಿ ಅಗಲವಾಯಿತು. ಮುಚ್ಚುವ ದಿನ ಶಾಲೆಯ ಧ್ವಜವನ್ನು ಮಡಚಿ ಆಡಳಿತಕ್ಕೆ ಹಿಂದಿರುಗಿಸುವ ಸಮಾರಂಭ ಮಾಡುತ್ತಾರೆ. ಟಿವಿಯಲ್ಲಿ ಪ್ರತಿ ಮಾರ್ಚ್ ತಿಂಗಳಲ್ಲಿ ಒಂದಾದರೂ ಬರುತ್ತದೆ, ನಾನು ನೋಡುವುದನ್ನು ಬಿಟ್ಟಿದ್ದೇನೆ.

ಹೆಚ್ಚಿನ ಕಟ್ಟಡಗಳನ್ನು ಹಾಳು ಬಿಡುವುದಿಲ್ಲ. ಕೋಚಿ ಪ್ರಾಂತ್ಯದ ಮುರೋತೋದಲ್ಲಿ ಮುಚ್ಚಿದ ಶಾಲೆಯೊಂದು 2018ರಲ್ಲಿ ಮತ್ಸ್ಯಾಲಯವಾಯಿತು. ಮಕ್ಕಳು ಈಜುತ್ತಿದ್ದ ಕೊಳದಲ್ಲಿ ಈಗ ಮೀನುಗಳು ಈಜುತ್ತವೆ. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಮಕ್ಕಳಿಗೆ ಬಹಳ ಹಿಡಿಸಿತು. ನನಗೆ ಹಿಡಿಸಿತೋ ಇಲ್ಲವೋ ಹೇಳಲಾರೆ. ಶಾಲೆಯನ್ನೇ ಉಳಿಸಿಕೊಳ್ಳುವ ಯತ್ನಗಳೂ ಇವೆ: ಪಟ್ಟಣದ ಮಕ್ಕಳು ಒಂದು ವರ್ಷ ಬೆಟ್ಟದ ಹಳ್ಳಿಯಲ್ಲಿದ್ದು ಅಲ್ಲಿನ ಶಾಲೆಯಲ್ಲಿ ಓದುವ ಸಾನ್ಸೋನ್ ರ್ಯೂಗಾಕು ಎಂಬ ಪದ್ಧತಿ 1976ರಲ್ಲಿ ನಗಾನೋ ಪ್ರಾಂತ್ಯದ ಯಸಾಕಾ ಹಳ್ಳಿಯಲ್ಲಿ ಆರಂಭವಾಯಿತು. ಕೆಲವು ಶಾಲೆಗಳು ಅದರಿಂದ ಉಸಿರು ಹಿಡಿದಿವೆ.

ಏಣಿ ಮೆಟ್ಟಿಲು

ಮುಚ್ಚುವ ಶಾಲೆಯಲ್ಲಿ ಅಷ್ಟು ಸೂಕ್ಷ್ಮವಾದ ಬೋಧನೆ ಬೆಳೆದಿದೆ ಎಂಬುದನ್ನು ಓದಿ ಮನಸ್ಸು ಒಂದು ಥರ ಆಯಿತು. ಇರಲಿ, ನಾಳೆ ಬೆಳಗ್ಗೆ ನನಗೆ ತರಗತಿಯಿದೆ, ಆದ್ದರಿಂದ ಕೆಲಸದ ಪ್ರಶ್ನೆ ಕೇಳುತ್ತೇನೆ. ಜುರಾಶಿ ಹಾಳೆಯ ಮೇಲೆ ಚೆನ್ನಾಗಿದೆ. ಒಂದು ಕಡೆ ಚರ್ಚೆ ನಾಲ್ಕು ನಿಮಿಷ ಹೆಚ್ಚು ಎಳೆದರೆ ಇನ್ನೊಂದು ಕಡೆಯವರು ಕಾಯಬೇಕಾಗುತ್ತದೆ. ಎರಡೂ ತರಗತಿಗಳಿಗೆ ಒಂದೇ ಹೊತ್ತಿನಲ್ಲಿ ಶಿಕ್ಷಕಿ ಬೇಕಾದರೆ ಅವರು ಏನು ಮಾಡುತ್ತಾರೆ? ಇದಕ್ಕೆ ಉತ್ತರವಿಲ್ಲದಿದ್ದರೆ ಉಳಿದದ್ದೆಲ್ಲ ಚಿತ್ರಪಟ.

ಸೀಮೆಸುಣ್ಣ

ಫೆಬ್ರವರಿಯಲ್ಲಿ ಇದನ್ನೇ ಕೇಳಿದೆ. ಕೇಳಲು ಕಾರಣವೂ ಇತ್ತು: ಆ ದಿನ ಮೂರನೆಯ ತರಗತಿಯ ಅಭ್ಯಾಸ ಬೇಗ ಮುಗಿದಿತ್ತು, ನಾಲ್ಕನೆಯವರ ಚರ್ಚೆ ಅರ್ಧದಲ್ಲಿತ್ತು, ಮೂರು ಪುಟ್ಟ ಮುಖಗಳು ಆಕೆಯ ಬೆನ್ನನ್ನು ನೋಡುತ್ತ ಕುಳಿತಿದ್ದವು. ಆಕೆ ತಿರುಗಲಿಲ್ಲ. ಆರು ನಿಮಿಷ. ಈ ಸಲ ನಾನೂ ಕುರ್ಚಿಯಿಂದ ಏಳಲಿಲ್ಲ.

ತಂತ್ರವೇನಾದರೂ ಇರಬಹುದು ಎಂದು ನಿರೀಕ್ಷಿಸಿದ್ದೆ. ಆಕೆ ಹೇಳಿದರು: "ಆಗ ಒಂದು ತರಗತಿಗೆ ಅನ್ಯಾಯವಾಗುತ್ತದೆ. ಯಾವುದಕ್ಕೆ ಆಯಿತೆಂದು ಬರೆದಿಟ್ಟುಕೊಳ್ಳುತ್ತೇನೆ." ಮೇಜಿನ ಮೇಲಿದ್ದ ಪಾಠ ಯೋಜನೆಯ ಪುಸ್ತಕವನ್ನು ತೆರೆದು ತೋರಿಸಿದರು. ಎರಡು ಅಂಕಣಗಳ ನಡುವಿನ ಖಾಲಿ ಜಾಗದಲ್ಲಿ ಪ್ರತಿ ಅವಧಿಗೂ ಕೆಂಪು ಪೆನ್ಸಿಲಿನಲ್ಲಿ ಒಂದು ಸಣ್ಣ ಅಂಕಿ, ಮೂರು ಅಥವಾ ನಾಲ್ಕು. ಕೆಲವು ಅವಧಿಗಳಿಗೆ ಏನೂ ಇಲ್ಲ. ಕಾಯಬೇಕಾಗಿ ಬಂದ ತರಗತಿಯ ಅಂಕಿ ಅದು. ಪುಟ ತಿರುವಿ ಎಣಿಸಿದೆ. ಆ ವಾರ ಅಲ್ಲಿಯವರೆಗೆ ನಾಲ್ಕು ಎರಡು ಸಲ, ಮೂರು ಐದು ಸಲ. ಆ ದಿನದ್ದನ್ನು ಆಕೆ ನನ್ನೆದುರಿಗೇ ಬರೆದರು, ಆರನೆಯ ಮೂರು. ನಂತರ ಮರುದಿನದ ಯೋಜನೆಯಲ್ಲಿ ಮೂರನೆಯ ತರಗತಿಯ ಅಂಕಣವನ್ನು ಅಳಿಸಿ, ಅವಧಿಯ ಮೊದಲ ಹದಿನೈದು ನಿಮಿಷವನ್ನು ಅವರಿಗೇ ಬರೆದು, ದೀಪ ಆರಿಸಿ, ನನ್ನನ್ನು ಕಾರಿನವರೆಗೆ ಕರೆದುಕೊಂಡು ಬಂದರು.